ಯಾವೂರ ಸೇರು?

ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು. ತುಮಕೂರು ರಸ್ತೆ ಬದಿಯ ಒಂದು ಸಣ್ಣ ಕ್ಯಾಲಿಬ್ರೇಷನ್ ಲ್ಯಾಬು. ಗಿರಾಕಿಯೊಬ್ಬರು ಕಳಿಸಿದ್ದ ಪಾದರಸದ ಥರ್ಮಾಮೀಟರನ್ನು ಪರೀಕ್ಷಿಸಬೇಕಿತ್ತು. ಬಿಸಿ ಎಣ್ಣೆಯ ತೊಟ್ಟಿ, ಅಂದರೆ ಆಯಿಲ್ ಬಾತ್, ಕೆಟ್ಟು ಕೂತಿತ್ತು. ನೂರು ಡಿಗ್ರಿ ನೋಡಲು ಬಾತ್ ಯಾಕೆ, ನೀರು ಕುದಿಸಿದರಾಯಿತು ಎಂದು ನಾನು ಟೀ ಕಾಯಿಸುವ ಪಾತ್ರೆಯಲ್ಲೇ ನೀರಿಟ್ಟೆ. ನೀರು ಕೊತಕೊತ ಕುದಿಯಿತು. ಪಾದರಸ 97ರ ಗೆರೆಯ ಹತ್ತಿರ ಬಂದು ನಿಂತಿತು. ಹತ್ತು ನಿಮಿಷ ಕಾದರೂ ಮೇಲೇರಲಿಲ್ಲ. ‘ಮೈನಸ್ 3 ಡಿಗ್ರಿ, ರಿಜೆಕ್ಟ್’ ಎಂದು ಬರೆದು ಸೀನಿಯರ್ ಮುಂದೆ ಇಟ್ಟೆ.

ಅವರು ಕನ್ನಡಕ ಹಣೆಗೇರಿಸಿ ಕೇಳಿದರು: ‘ಬೆಂಗಳೂರು ಎಷ್ಟು ಎತ್ತರದಲ್ಲಿದೆಯಪ್ಪಾ?’

‘ಮೂರು ಸಾವಿರ ಅಡಿ ಸಾರ್.’

‘ಹಂಗಾದ್ರೆ ಥರ್ಮಾಮೀಟರ್ ಸರಿಯಾಗೇ ಇದೆ. ಕೆಟ್ಟಿರೋದು ನಿನ್ನ ಓದು.’

ಡ್ರಾಯರಿನಿಂದ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದ ಒಂದು ಕೈಪಿಡಿ ಹೊರಗೆ ಬಂತು. ಕುದಿಬಿಂದುಗಳ ಕೋಷ್ಟಕದಲ್ಲಿ ನೀರಿನ ಎದುರು 100 ಎಂದೇ ಇತ್ತು. ಅದರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ನಕ್ಷತ್ರ. ಪುಟದ ಬುಡದಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ, ವಾಯುಭಾರ 760 ಮಿಲಿಮೀಟರ್ ಪಾದರಸ ಇದ್ದಾಗ ಮಾತ್ರ ಎಂಬ ಷರತ್ತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ಬಂದರಿನಲ್ಲಿ ಕುದಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಅವತ್ತಿನಿಂದ ನನಗೆ ಅಳತೆಯ ಕೈಪಿಡಿಗಳ ಮೇಲೆ ಗೌರವವೂ ಹುಟ್ಟಿತು, ಗುಮಾನಿಯೂ ಹುಟ್ಟಿತು. ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಕೆಳಗಿನ ಷರತ್ತನ್ನು ಓದುವವರು ಕಡಿಮೆ. ಈ ಕಸುಬಿನಲ್ಲಿ ಸಂಬಳ ಕೊಡುವುದು ಆ ಷರತ್ತು ಓದಿದ್ದಕ್ಕೇ.

ಬೆಂಚಿನ ಮೇಲಿನ ಪುಸ್ತಕ

ಕ್ಯಾಲಿಬ್ರೇಷನ್ ಎಂದರೆ ಅಳೆಯುವ ಸಾಧನವನ್ನೇ ಅಳೆದು ನೋಡುವ ಕೆಲಸ. ಕಾರ್ಖಾನೆಯ ವರ್ನಿಯರ್, ಮೈಕ್ರೊಮೀಟರ್, ಪ್ರೆಷರ್ ಗೇಜ್, ತಕ್ಕಡಿ, ಮಲ್ಟಿಮೀಟರ್ ಎಲ್ಲವೂ ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಲ್ಯಾಬಿಗೆ ಬಂದು, ತಮಗಿಂತ ನಿಖರವಾದ ಇನ್ನೊಂದು ಸಾಧನದ ಎದುರು ಪರೀಕ್ಷೆ ಬರೆದು, ಸರ್ಟಿಫಿಕೇಟು ಹಿಡಿದು ವಾಪಸು ಹೋಗುತ್ತವೆ. ಆ ಲ್ಯಾಬಿನ ಸಾಧನ ಇನ್ನೂ ಮೇಲಿನ ಲ್ಯಾಬಿಗೆ ಹೋಗುತ್ತದೆ. ಹೀಗೆ ಏಣಿ ಏರುತ್ತಾ ಹೋದರೆ ತುದಿಯಲ್ಲಿ ಸಿಗುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಭಾರತದ ಪಾಲಿಗೆ ಬಂದ 57ನೇ ಸಂಖ್ಯೆಯ ಕಿಲೋಗ್ರಾಂ ಮೂಲಪ್ರತಿ ಇರುವುದೂ ಅಲ್ಲೇ.

ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಒಂದು ಪುಸ್ತಕ ಇರುತ್ತದೆ. ಎಂ10 ಬೋಲ್ಟಿಗೆ ಟ್ಯಾಪ್ ಹೊಡೆಯುವ ಮುನ್ನ ಎಷ್ಟರ ಡ್ರಿಲ್ ಹಾಕಬೇಕು? 8.5 ಮಿಲಿಮೀಟರ್. 25 ಮಿ.ಮೀ. ತೂತಿಗೆ ಎಚ್7 ಎಂದು ಡ್ರಾಯಿಂಗಿನಲ್ಲಿ ಬರೆದಿದ್ದರೆ ಎಷ್ಟು ಜಾಸ್ತಿಯಾಗಬಹುದು? 21 ಮೈಕ್ರಾನ್. ಉಷ್ಣಾಂಶ ಅಳೆಯುವ ಪಿಟಿ–100 ಸೆನ್ಸರು 100 ಡಿಗ್ರಿಯಲ್ಲಿ ಎಷ್ಟು ಓಮ್ ತೋರಿಸಬೇಕು? 138.51. ಕೆ–ಟೈಪ್ ಥರ್ಮೋಕಪಲ್ ಅದೇ ಶಾಖದಲ್ಲಿ ಎಷ್ಟು ಮಿಲಿವೋಲ್ಟ್ ಕೊಡಬೇಕು? 4.096. ಹತ್ತು ವರ್ಷ ಬೆಂಚಿನಲ್ಲಿ ಕೂತವರಿಗೆ ಇವು ಬಾಯಿಪಾಠ. ಆದರೂ ಒಳ್ಳೆಯ ತಂತ್ರಜ್ಞ ಸರ್ಟಿಫಿಕೇಟಿಗೆ ಸಹಿ ಹಾಕುವ ಮುನ್ನ ಪುಟ ತೆರೆದು ನೋಡುತ್ತಾನೆ. ನೆನಪನ್ನು ಕ್ಯಾಲಿಬ್ರೇಟ್ ಮಾಡುವ ಲ್ಯಾಬು ಎಲ್ಲೂ ಇಲ್ಲ ಎಂಬುದು ಅವನಿಗೆ ಗೊತ್ತು.

ಈ ಜಾತಿಯ ಪುಸ್ತಕಗಳ ಹಿರಿಯಣ್ಣ ಅಮೆರಿಕದ ‘ಮೆಷಿನರೀಸ್ ಹ್ಯಾಂಡ್‌ಬುಕ್’. ನ್ಯೂಯಾರ್ಕಿನ ಇಂಡಸ್ಟ್ರಿಯಲ್ ಪ್ರೆಸ್ 1914ರಲ್ಲಿ ಮೊದಲು ಅಚ್ಚು ಹಾಕಿದ್ದು, ಶತಮಾನ ದಾಟಿ ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಕಾಗದ ತೆಳು, ಅಕ್ಷರ ಸಣ್ಣ, ಬೆನ್ನು ಇಟ್ಟಿಗೆಯಷ್ಟು ದಪ್ಪ. ಅಲ್ಲಿನ ಮೆಷಿನಿಸ್ಟರ ಮರದ ಟೂಲ್ ಪೆಟ್ಟಿಗೆಗಳಲ್ಲಿ ಈ ಪುಸ್ತಕ ಇಡಲೆಂದೇ ನಡುವೆ ಒಂದು ಎತ್ತರದ ಖಾನೆ ಬಿಟ್ಟಿರುತ್ತಾರೆ. ಸುತ್ತಿಗೆ, ಸ್ಪ್ಯಾನರಿನ ಜೊತೆ ಪುಸ್ತಕಕ್ಕೂ ಹತ್ಯಾರದ ಸ್ಥಾನ.

ನಮ್ಮಲ್ಲಿ ಈ ಪರಂಪರೆ ಬೆಳೆದದ್ದು ಬೆಂಗಳೂರಿನ ಯಂತ್ರೋಪಕರಣ ಉದ್ಯಮದ ನೆರಳಿನಲ್ಲಿ. 1953ರಲ್ಲಿ ಎಚ್‌ಎಂಟಿ ಬಂತು. 1960ರ ದಶಕದಲ್ಲಿ ತುಮಕೂರು ರಸ್ತೆಗೆ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. ಎಚ್‌ಎಂಟಿಯವರ ‘ಪ್ರೊಡಕ್ಷನ್ ಟೆಕ್ನಾಲಜಿ’, ಸಿಎಂಟಿಐಯ ‘ಮೆಷಿನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್’ ಎರಡೂ ಕೈ ಕೊಳೆ ಮಾಡಿಕೊಂಡವರು ಬರೆದ ಪುಸ್ತಕಗಳು. ಎಂಜಿನಿಯರಿಂಗ್ ಓದಿದ ಕನ್ನಡದ ಹುಡುಗ ಹುಡುಗಿಯರಿಗೆ ಲಿಂಗಯ್ಯನವರ ಡೇಟಾ ಹ್ಯಾಂಡ್‌ಬುಕ್ಕೋ, ಮಹದೇವನ್ ಮತ್ತು ಬಾಲವೀರ ರೆಡ್ಡಿಯವರದೋ ಪರೀಕ್ಷೆ ಹಾಲಿನೊಳಕ್ಕೇ ಒಯ್ಯಬಹುದಾದ ಪುಸ್ತಕ ಎಂದು ನೆನಪಿರುತ್ತದೆ. ಪುಸ್ತಕ ಎದುರಿಗಿದ್ದೂ ಫೇಲಾಗುವುದು ಹೇಗೆ ಎಂಬುದನ್ನು ಆ ಪರೀಕ್ಷೆಯೇ ನಮಗೆ ಕಲಿಸಿತು. ಕೋಷ್ಟಕ ಸಿಕ್ಕಿದರೂ ಯಾವ ಸಾಲು, ಯಾವ ಕಾಲಂ ಎಂದು ತಿಳಿಯದಿದ್ದರೆ ಅದು ಬರೀ ಕಾಗದ.

ಮಗ್ಗಿ ಪುಸ್ತಕದ ಹಿಂಬದಿ

ಕನ್ನಡಿಗರಿಗೆ ಕೈಪಿಡಿ ಹೊಸ ಪದಾರ್ಥವೇನಲ್ಲ. ಹನ್ನೆರಡನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ‘ವ್ಯವಹಾರ ಗಣಿತ’ ಬರೆದ. ತ್ರೈರಾಶಿಕ, ಬಡ್ಡಿ, ಕೊಡುಕೊಳ್ಳುವ ಲೆಕ್ಕಗಳನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಆ ಕೃತಿ, ಹೆಸರೇ ಹೇಳುವಂತೆ, ವ್ಯವಹಾರಕ್ಕೆಂದು ಹುಟ್ಟಿದ್ದು. ನನ್ನ ಅಜ್ಜನ ಕಾಲಕ್ಕೆ ಆ ಜಾಗದಲ್ಲಿ ಮಗ್ಗಿ ಪುಸ್ತಕ ಕೂತಿತ್ತು. ಎರಡೊಂದ್ಲ ಎರಡರಿಂದ ಶುರುವಾಗಿ ಕಾಲು, ಅರೆ, ಮುಕ್ಕಾಲು ಮಗ್ಗಿಯವರೆಗೆ. ಹಿಂಬದಿಯ ಪುಟಗಳಲ್ಲಿ ಗುಂಜಿ, ತೊಲ, ಪಾವು, ಸೇರು, ಕೊಳಗ, ಖಂಡುಗಗಳ ಲೆಕ್ಕ.

ಆ ಲೆಕ್ಕ ನಂಬಿ ಪರಸ್ಥಳದ ಸಂತೆಗೆ ಹೋದವರು ಪೇಚಿಗೆ ಸಿಕ್ಕುತ್ತಿದ್ದರು. ಸೇರು ಊರಿಗೊಂದು ಥರ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಎಣ್ಣೆಯ ಸೇರು, ರಾಗಿಯ ಸೇರು ಒಂದಕ್ಕೊಂದು ತಾಳೆಯಾಗದು. ಮೊಳ, ಮಾರು, ಗೇಣಿನ ಕಥೆಯಂತೂ ಅಳೆಯುವವನ ಕೈಯಲ್ಲೇ ಇತ್ತು. ಹಾಗಾಗಿ ಬುದ್ಧಿವಂತ ವ್ಯಾಪಾರಿ ದರ ಕೇಳುವ ಮೊದಲು ‘ಯಾವೂರ ಸೇರು?’ ಎಂದು ಕೇಳುತ್ತಿದ್ದ. 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದು, 1958ರಿಂದ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಯಾಗಿ, ಸೇರು–ಪಾವುಗಳು ಸಂತೆಯ ಲೆಕ್ಕದಿಂದ ಇಳಿದು ಅಡುಗೆಮನೆ ಸೇರಿದವು. ಆದರೆ ಆ ವ್ಯಾಪಾರಿಯ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಇವತ್ತು ಅದನ್ನು ಕೇಳಬೇಕಾದದ್ದು ಕೈಪಿಡಿಯ ಅಂಕಿಗಳಿಗೆ.

ಇಪ್ಪತ್ತು ಡಿಗ್ರಿಯ ಕಥೆ

ಉದ್ದದ ಅಳತೆಯ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಸಿಗುವ ಷರತ್ತು ಒಂದೇ: 20 ಡಿಗ್ರಿ ಸೆಲ್ಸಿಯಸ್. ಇದರ ಬೇರು ಹುಡುಕಿಕೊಂಡು ಹೋದರೆ ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಊರಿನ ಬಂದೂಕು ಕಾರ್ಖಾನೆಗೆ ತಲುಪುತ್ತೇವೆ. ಅಲ್ಲಿ ಇನ್‌ಸ್ಪೆಕ್ಟರನಾಗಿದ್ದ ಕಾರ್ಲ್ ಎಡ್ವರ್ಡ್ ಯೋಹಾನ್ಸನ್‌ಗೆ ಒಂದು ತಲೆನೋವಿತ್ತು. ಬಂದೂಕಿನ ಒಂದೊಂದು ಭಾಗಕ್ಕೂ ಒಂದೊಂದು ಗೇಜು ಮಾಡಿಸುತ್ತಾ ಹೋದರೆ ಸಾವಿರಾರು ಗೇಜುಗಳಾಗುತ್ತವೆ. ಅದರ ಬದಲು ಬೇರೆ ಬೇರೆ ದಪ್ಪದ ಉಕ್ಕಿನ ಬಿಲ್ಲೆಗಳನ್ನು ಮಾಡಿ, ಬೇಕಾದವನ್ನು ಜೋಡಿಸಿ ಯಾವ ಅಳತೆಯನ್ನಾದರೂ ಕಟ್ಟಬಹುದಲ್ಲ ಎಂದು ಅವನು 1896ರ ಸುಮಾರಿಗೆ ಯೋಚಿಸಿದ. ಹೆಂಡತಿಯ ಹೊಲಿಗೆ ಯಂತ್ರವನ್ನು ಬಿಲ್ಲೆ ಉಜ್ಜುವ ಯಂತ್ರವಾಗಿ ಬದಲಾಯಿಸಿಕೊಂಡು ಮನೆಯಲ್ಲೇ ನಯಗೊಳಿಸಿದ. 102 ಬಿಲ್ಲೆಗಳ ಆ ಪೆಟ್ಟಿಗೆಯಿಂದ ಸುಮಾರು 20 ಸಾವಿರ ಅಳತೆಗಳನ್ನು ಕಟ್ಟಬಹುದಿತ್ತು.

ನಮ್ಮ ಟೂಲ್ ರೂಮುಗಳಲ್ಲಿ ಅದಕ್ಕೆ ಸ್ಲಿಪ್ ಗೇಜ್ ಎನ್ನುತ್ತಾರೆ. ಹೊಸದಾಗಿ ಬಂದ ಹುಡುಗನ ಕೈಗೆ 87 ಬಿಲ್ಲೆಗಳ ಪೆಟ್ಟಿಗೆ ಕೊಟ್ಟು ‘41.238 ಕಟ್ಟು’ ಎನ್ನುವುದು ವಾಡಿಕೆ. ಅವನು ದೊಡ್ಡ ಬಿಲ್ಲೆಯಿಂದ ಶುರು ಮಾಡಿದರೆ ಸೀನಿಯರ್ ನಗುತ್ತಾರೆ. ಸೂತ್ರ ಇಷ್ಟೇ: ಕೊನೆಯ ಅಂಕಿಯನ್ನು ಮೊದಲು ತೀರಿಸು. ಕೊನೆಯ 8ಕ್ಕೆ 1.008ರ ಬಿಲ್ಲೆ. ಉಳಿದದ್ದು 40.23. ಅದರ ಬಾಲ ಕತ್ತರಿಸಲು 1.23. ಉಳಿದದ್ದು 39. ಅದಕ್ಕೆ 9, ಮತ್ತೆ 30. ನಾಲ್ಕು ಬಿಲ್ಲೆ ಸಾಕು. ಪ್ರತಿ ಬಿಲ್ಲೆಯನ್ನೂ ಮೃದು ಚರ್ಮದಿಂದ ಒರೆಸಿ, ಒಂದರ ಮೇಲೊಂದು ಅಡ್ಡವಿಟ್ಟು ತಿರುಗಿಸುತ್ತಾ ಜಾರಿಸಿದರೆ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ನೇರವಾಗಿ ಎಳೆದರೆ ಬಿಡುವುದಿಲ್ಲ, ಮತ್ತೆ ಜಾರಿಸಿಯೇ ಬಿಡಿಸಬೇಕು. ಮೊದಲ ಸಲ ಹಾಗೆ ಕಚ್ಚಿಕೊಂಡಾಗ ಹುಡುಗನ ಮುಖ ನೋಡಬೇಕು!

ಇಷ್ಟೆಲ್ಲ ಮಾಡಿಯೂ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತರೆ ಕೆಲಸ ಕೆಟ್ಟಿತು. ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ. 100 ಮಿ.ಮೀ. ಬಿಲ್ಲೆ ಕೈಯ ಬಿಸಿಗೆ ಐದು ಡಿಗ್ರಿ ಏರಿದರೆ ಆರು ಮೈಕ್ರಾನಿನ ಹತ್ತಿರ ಬೆಳೆಯಿತು. ಅದಕ್ಕೇ ಜಗತ್ತು ಒಂದು ಉಷ್ಣಾಂಶಕ್ಕೆ ಒಪ್ಪಬೇಕಾಯಿತು. ಯೋಹಾನ್ಸನ್ ತನ್ನ ಬಿಲ್ಲೆಗಳಿಗೆ ಇಟ್ಟುಕೊಂಡಿದ್ದ 20 ಡಿಗ್ರಿಯನ್ನೇ 1931ರಲ್ಲಿ ಅಂತರರಾಷ್ಟ್ರೀಯ ಸಮಿತಿ ಒಪ್ಪಿತು. ಮುಂದೆ ಐಎಸ್‌ಒ ಸಂಸ್ಥೆ ಹುಟ್ಟಿ 1951ರಲ್ಲಿ ತನ್ನ ಮೊಟ್ಟಮೊದಲ ಮಾನಕ ಹೊರಡಿಸಿದಾಗ, ಒಂದನೇ ಸಂಖ್ಯೆ ಸಿಕ್ಕಿದ್ದು ಈ 20 ಡಿಗ್ರಿಗೇ.

ಪೀಣ್ಯದ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಉಕ್ಕಿನ ಗೇಜಿನಿಂದ ಉಕ್ಕಿನ ಜಾಬನ್ನೇ ಅಳೆದರೆ, ಎರಡೂ ಒಂದೇ ಸಮ ಕಾದಿದ್ದರೆ, ಹೆಚ್ಚು ಮೋಸವಿಲ್ಲ. ಎರಡೂ ಜೊತೆಗೇ ಹಿಗ್ಗಿರುತ್ತವೆ. ಜಾಬು ಅಲ್ಯೂಮಿನಿಯಂ ಆದರೆ ಕಥೆ ಬೇರೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವ ಲೋಹ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ 100 ಮಿ.ಮೀ.ನಲ್ಲಿ ಸುಮಾರು 11 ಮೈಕ್ರಾನ್ ತಪ್ಪು. ಅದೇ ಗಾತ್ರಕ್ಕೆ ಎಚ್6 ಶಾಫ್ಟಿಗೆ ಕೈಪಿಡಿ ಕೊಡುವ ಸಡಿಲವೇ ಒಟ್ಟು 22 ಮೈಕ್ರಾನ್. ಅರ್ಧ ಸಡಿಲವನ್ನು ಬಿಸಿಲೇ ನುಂಗಿತು. ಮಧ್ಯಾಹ್ನ ಪಾಸಾದ ಮಾಲು ಗಿರಾಕಿಯ ಏಸಿ ಕೋಣೆಯಲ್ಲಿ ಫೇಲಾಗಿ ವಾಪಸು ಬರುವ ಎಷ್ಟೋ ಜಗಳಗಳ ಮೂಲ ಇಲ್ಲಿದೆ.

ದೆಹಲಿಯ ತಕ್ಕಡಿ, ಬೆಂಗಳೂರಿನ ಭಾರ

ಉಷ್ಣಾಂಶದ ಷರತ್ತನ್ನಾದರೂ ಏಸಿ ಹಾಕಿ ಪೂರೈಸಬಹುದು. ಗುರುತ್ವಕ್ಕೆ ಏಸಿ ಇಲ್ಲ. ಕೈಪಿಡಿಗಳಲ್ಲಿ ಗುರುತ್ವದ ಮಾನಕ ಬೆಲೆ 9.80665 ಎಂದಿರುತ್ತದೆ. ಅದು ಒಪ್ಪಂದದ ಸಂಖ್ಯೆ. ಸಮಭಾಜಕಕ್ಕೆ ಹತ್ತಿರವಿದ್ದು ಎತ್ತರದಲ್ಲೂ ಇರುವ ಬೆಂಗಳೂರಿನಲ್ಲಿ ಅದು ಸುಮಾರು 9.78. ವ್ಯತ್ಯಾಸ ಸಾವಿರಕ್ಕೆ ಎರಡೂಮುಕ್ಕಾಲರಷ್ಟು.

ಇಷ್ಟರಲ್ಲಿ ಏನು ಮಹಾ ಎನ್ನಬಹುದು. ಪ್ರೆಷರ್ ಗೇಜುಗಳನ್ನು ಪರೀಕ್ಷಿಸುವ ಡೆಡ್‌ವೆಯ್ಟ್ ಟೆಸ್ಟರ್ ನೋಡಿ. ಪಿಸ್ಟನ್ನಿನ ಮೇಲೆ ತೂಕದ ಬಿಲ್ಲೆಗಳನ್ನು ಹೇರಿ ಒತ್ತಡ ಹುಟ್ಟಿಸುವ ಯಂತ್ರ ಅದು. ಬಿಲ್ಲೆಗಳ ಮೇಲೆ ಕೆತ್ತಿರುವ ಒತ್ತಡ ಮಾನಕ ಗುರುತ್ವಕ್ಕೆ ಲೆಕ್ಕ ಹಾಕಿದ್ದಾದರೆ, ನೂರು ಬಾರ್ ಎಂದು ನಂಬಿದಲ್ಲಿ ಬೆಂಗಳೂರಿನಲ್ಲಿ ಹುಟ್ಟುವುದು 99.73 ಬಾರ್. ಯಂತ್ರ ತಾನು ನೂರಕ್ಕೆ 0.05ರಷ್ಟು ನಿಖರ ಎಂದು ಹೇಳಿಕೊಳ್ಳುತ್ತಿದ್ದರೆ, ಊರಿನ ಲೆಕ್ಕ ಮರೆತದ್ದರಿಂದಲೇ ಅದರ ಐದು ಪಟ್ಟು ತಪ್ಪಾಯಿತು. ಕೈಪಿಡಿಯಲ್ಲಿ ತಿದ್ದುಪಡಿಯ ಸೂತ್ರವಿರುತ್ತದೆ. ಒಂದೇ ಸಾಲು. ಆ ಸಾಲು ಓದದವರ ಸರ್ಟಿಫಿಕೇಟು ಎಷ್ಟು ಬಣ್ಣದ್ದಾದರೂ ಸುಳ್ಳು.

ಎಲೆಕ್ಟ್ರಾನಿಕ್ ತಕ್ಕಡಿಯದೂ ಇದೇ ಹಾಡು. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ತಂದು ಬೆಂಗಳೂರಿನಲ್ಲಿ ಇಟ್ಟರೆ ಒಂದು ಕಿಲೋ ಬಟ್ಟಿಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಅಕ್ಕಿ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಚಿನ್ನದಂಗಡಿಯಲ್ಲಿ ಜಗಳವಾಗುತ್ತದೆ. ತಕ್ಕಡಿಯನ್ನು ಬಳಸುವ ಜಾಗದಲ್ಲೇ ಬಟ್ಟಿಟ್ಟು ಹೊಂದಿಸಬೇಕು ಎಂಬ ನಿಯಮ ಹುಟ್ಟಿದ್ದು ಇದಕ್ಕೇ.

ಪುಸ್ತಕಕ್ಕೂ ವಯಸ್ಸಾಗುತ್ತದೆ

ಊರು ಕೇಳಿದ್ದಾಯಿತು. ಇನ್ನು ವರ್ಷ ಕೇಳಬೇಕು. ನಮ್ಮ ಲ್ಯಾಬಿನ ಗೋಡೆಗೆ ಪಿಟಿ–100ರ ಒಂದು ಕೋಷ್ಟಕ ಅಂಟಿಸಿತ್ತು. ಹೊಗೆ ಹಿಡಿದು ಹಳದಿಯಾಗಿತ್ತು. ಅದರಲ್ಲಿ 100 ಡಿಗ್ರಿಗೆ 138.50 ಓಮ್. ಹೊಸ ಪುಸ್ತಕದಲ್ಲಿ 138.51. ಅಚ್ಚಿನ ತಪ್ಪಿರಬೇಕು ಎಂದುಕೊಂಡು ನಾನು ಬಹಳ ದಿನ ಸುಮ್ಮನಿದ್ದೆ. ಅಸಲು ಸಂಗತಿ ಏನೆಂದರೆ, ಜಗತ್ತು ಉಷ್ಣಾಂಶದ ಅಳತೆಗೋಲನ್ನೇ ಬದಲಾಯಿಸಿತ್ತು. 1990ರ ಜನವರಿ 1ರಿಂದ ಐಟಿಎಸ್–90 ಎಂಬ ಹೊಸ ಮಾಪಕ ಜಾರಿಗೆ ಬಂತು. 1968ರ ಮಾಪಕದಲ್ಲಿ ಸರಿಯಾಗಿ 100 ಇದ್ದ ನೀರಿನ ಕುದಿಬಿಂದು ಹೊಸ ಮಾಪಕದಲ್ಲಿ 99.974 ಆಯಿತು. ಸಮುದ್ರಮಟ್ಟದಲ್ಲೂ ನೀರು ನೂರಕ್ಕೆ ಕುದಿಯುವುದಿಲ್ಲ ಎಂದಾಯಿತು! ಗೋಡೆಯ ಕೋಷ್ಟಕ ಹಿಂದಿನ ಕಾಲದ್ದು. 0.01 ಓಮ್ ಎಂದರೆ 0.026 ಡಿಗ್ರಿ. ಬೇಕರಿ ಓವನ್ನಿಗೆ ಅದು ಲೆಕ್ಕಕ್ಕಿಲ್ಲ, ನಿಖರ ಲ್ಯಾಬಿಗೆ ಅದು ದೊಡ್ಡ ತಪ್ಪು.

2019ರ ಮೇ 20ರಂದು ಇನ್ನೊಂದು ದೊಡ್ಡ ಬದಲಾವಣೆಯಾಯಿತು. ಪ್ಯಾರಿಸ್ ಬಳಿಯ ಲೋಹದ ಸಿಲಿಂಡರಿನ ಹಂಗು ಬಿಟ್ಟು ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕಕ್ಕೆ ಗಂಟು ಹಾಕಿಕೊಂಡಿತು. ಅಂಗಡಿಯ ಬಟ್ಟಿಗೆ ಏನೂ ಆಗಲಿಲ್ಲ. ಆದರೆ ವೋಲ್ಟು ಸುಮಾರು ಕೋಟಿಗೆ ಒಂದು ಪಾಲಿನಷ್ಟು ಕದಲಿತು. ಉನ್ನತ ಮಟ್ಟದ ಎಲೆಕ್ಟ್ರಿಕಲ್ ಲ್ಯಾಬುಗಳು ಅಷ್ಟನ್ನೂ ಲೆಕ್ಕಕ್ಕೆ ಹಿಡಿದವು.

ಹಾಗಾಗಿಯೇ ಲ್ಯಾಬುಗಳಿಗಿರುವ ಐಎಸ್‌ಒ 17025 ಮಾನಕವು ಕೈಪಿಡಿ, ಕೋಷ್ಟಕ, ಗೋಡೆಯ ಚಾರ್ಟುಗಳನ್ನೂ ನಿಯಂತ್ರಿತ ದಾಖಲೆ ಎಂದೇ ನೋಡುತ್ತದೆ. ತಪಾಸಣೆಗೆ ಬಂದವರು ಮೈಕ್ರೊಮೀಟರಿನ ಸ್ಟಿಕರ್ ನೋಡಿದ ಮೇಲೆ ಕಪಾಟಿನತ್ತ ತಿರುಗಿ ‘ಇದು ಎಷ್ಟನೇ ಆವೃತ್ತಿ?’ ಎಂದು ಕೇಳುವುದು ಅದಕ್ಕೇ. ನಮ್ಮ ಗೋಡೆಯ ಹಳದಿ ಚಾರ್ಟು ಕೆಳಗಿಳಿದದ್ದೂ ಅಂಥ ಒಂದು ತಪಾಸಣೆಯ ಹಿಂದಿನ ರಾತ್ರಿ. ಇಳಿಸಿದವನು ನಾನೇ.

ಅಂಕಿಯ ಬಾಲದ ಅನುಮಾನ

ಇನ್ನೊಂದು ಜಾತಿಯ ಕೈಪಿಡಿ ಇದೆ. ಅದು ಅಂಕಿ ಕೊಡುವುದಿಲ್ಲ, ಅಂಕಿಯನ್ನು ಎಷ್ಟು ನಂಬಬಹುದು ಎಂದು ಹೇಳಿಕೊಡುತ್ತದೆ. ಯಾವ ಅಳತೆಯೂ ನೂರಕ್ಕೆ ನೂರು ಖಚಿತವಲ್ಲ. 25.003 ಎಂದು ಬರೆದು ನಿಲ್ಲಿಸಿದರೆ ಅದು ಅರ್ಧ ಸತ್ಯ. ಹೆಚ್ಚುಕಡಿಮೆ 2 ಮೈಕ್ರಾನ್ ಎಂದು ಸೇರಿಸಿದಾಗ ಅದು ಪ್ರಾಮಾಣಿಕ ಅಳತೆ. ಈ ‘ಹೆಚ್ಚುಕಡಿಮೆ’ಯನ್ನು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾರ್ಗದರ್ಶಿ 1993ರಲ್ಲಿ ಬಂತು. ಕಸುಬಿನವರು ಅದನ್ನು ‘ಗಮ್’ ಎನ್ನುತ್ತಾರೆ. ಬೆಂಚಿನ ಹುಡುಗರಿಗೆ ಅದು ಕಬ್ಬಿಣದ ಕಡಲೆ.

ಆ ಕಡಲೆಯನ್ನು ಹುರಿದು ಕೊಟ್ಟವರು ಬ್ರಿಟನ್ನಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸ್ಟೆಫನಿ ಬೆಲ್. 1999ರಲ್ಲಿ ಅವರು ಬರೆದ ಪುಟ್ಟ ಕೈಪಿಡಿ ಒಂದು ತುಂಡು ದಾರದ ಉದ್ದವನ್ನು ಉದಾಹರಣೆಯಾಗಿ ಹಿಡಿದು ಅನಿಶ್ಚಿತತೆಯನ್ನು ಬಿಡಿಸಿ ಹೇಳುತ್ತದೆ. ಟೇಪು ಸರಿಯಿದೆಯೇ, ದಾರ ಬಿಗಿದಿದೆಯೇ, ನೋಡುವವರ ಕಣ್ಣು ಎಲ್ಲಿದೆ ಎಂದು ಒಂದೊಂದೇ ಅನುಮಾನವನ್ನು ಎಣಿಸುತ್ತಾ ಹೋಗುತ್ತದೆ. ಓದಿದರೆ ನಮ್ಮೂರ ಬಟ್ಟೆ ಅಂಗಡಿಯ ಗಿರಾಕಿ ನೆನಪಾಗುತ್ತಾಳೆ. ‘ಎಳೆದು ಅಳೀಬೇಡಿ ಅಣ್ಣಾ’ ಎನ್ನುವ ಆಕೆ ಅನಿಶ್ಚಿತತೆಯ ಮೊದಲ ಪಾಠವನ್ನು ಯಾವ ಪುಸ್ತಕವೂ ಇಲ್ಲದೆ ಕಲಿತವಳು.

ಕತ್ತರಿಸಿದ ಫೋಟೊ

ಈಗ ಡ್ರಾಯರ್ ತೆರೆಯುವವರು ಕಡಿಮೆ. ‘ಚಾರ್ಟ್ ಕಳ್ಸು ಮಗಾ’ ಎಂದರೆ ವಾಟ್ಸ್ಆ್ಯಪಿನಲ್ಲಿ ಫೋಟೊ ಬರುತ್ತದೆ. ಕೆಲಸ ಬೇಗ ಆಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಫೋಟೊ ತೆಗೆಯುವವನು ತನಗೆ ಬೇಕಾದ ಸಾಲು ಚೆನ್ನಾಗಿ ಕಾಣಲೆಂದು ಪುಟದ ತಲೆ ಬುಡ ಕತ್ತರಿಸಿರುತ್ತಾನೆ. ತಲೆಯಲ್ಲಿ ಆವೃತ್ತಿ ಇತ್ತು, ಬುಡದಲ್ಲಿ ಷರತ್ತು ಇತ್ತು. ಉಳಿದದ್ದು ಊರೂ ಇಲ್ಲದ, ವಯಸ್ಸೂ ಇಲ್ಲದ ಒಂದು ಅಂಕಿ. ಅಂಥ ಅಂಕಿ ಕೈಯಿಂದ ಕೈಗೆ ದಾಟಿ ಕೊನೆಗೆ ಯಾವುದೋ ಬಾಯ್ಲರಿನ ಸೇಫ್ಟಿ ವಾಲ್ವಿನ ಸರ್ಟಿಫಿಕೇಟಿನಲ್ಲಿ ಕೂರುತ್ತದೆ.

ನನ್ನ ಸೀನಿಯರ್ ನಿವೃತ್ತರಾದ ದಿನ ತಮ್ಮ ಡೈರಿಯನ್ನು ನನಗೆ ಕೊಟ್ಟರು. ಮೂವತ್ತು ವರ್ಷ ಕೈಬರಹದಲ್ಲಿ ಸೇರಿಸಿದ ಕೋಷ್ಟಕಗಳು. ಅಂಕಿ ಇಂಗ್ಲಿಷಿನಲ್ಲಿ, ಎಚ್ಚರಿಕೆಗಳೆಲ್ಲ ಕನ್ನಡದಲ್ಲಿ: ‘ಬಿಸಿ ಇಳಿಯೋವರೆಗೂ ಮುಟ್ಟಬೇಡ’, ‘ಇದು ಉಕ್ಕಿಗೆ ಮಾತ್ರ’, ‘ಹಳೇ ಪುಸ್ತಕದ್ದು, ಹೊಸದು ನೋಡು’. ಪ್ರತಿ ಅಂಕಿಯ ಪಕ್ಕ ಎಲ್ಲಿಂದ ತೆಗೆದದ್ದು, ಯಾವ ದಿನ ಎಂದು ನಮೂದಾಗಿತ್ತು. ಮೊದಲ ಪುಟದಲ್ಲಿ ಮೂರೇ ಸಾಲು: ನಮ್ಮ ಲ್ಯಾಬಿನ ಎತ್ತರ, ನಮ್ಮ ಲ್ಯಾಬಿನ ಗುರುತ್ವ, ನಮ್ಮ ಲ್ಯಾಬಿನ ಉಷ್ಣಾಂಶ. ನಾನು ಕಂಡ ಕೈಪಿಡಿಗಳಲ್ಲೆಲ್ಲ ಉತ್ತಮವಾದದ್ದು ಅದೇ.

ಪೀಣ್ಯದಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಬೆಂಚಿನ ಮುಂದೆ ಕೂರುವ ತಮ್ಮ ತಂಗಿಯರಿಗೆ ಒಂದು ಮಾತು. ದುಬಾರಿ ಪುಸ್ತಕ ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ, ನೂರು ಪುಟದ ಒಂದು ನೋಟ್‌ಬುಕ್ ಸಾಕು. ನಿಮ್ಮ ಕನ್ನಡದಲ್ಲೇ ಬರೆಯಿರಿ. ಅಂಕಿಯ ಜೊತೆ ಷರತ್ತನ್ನೂ ಬರೆಯಿರಿ, ತಾರೀಖು ಹಾಕಿ. ನಾಳೆ ಲ್ಯಾಬಿಗೆ ಹೋದ ಕೂಡಲೇ ಕಪಾಟಿನ ಕೈಪಿಡಿಯ ಮೊದಲ ಪುಟ ತೆರೆದು ಅದು ಯಾವ ವರ್ಷದ್ದೆಂದು ನೋಡಿ. ಕೆಲಸ ಆಮೇಲೆ ಶುರು ಮಾಡಿದರಾಯಿತು.